ಹನಿಯಕ್ಕನ ನಿಧಾನ

ಲಿಫ್ಟಿನಿಂದ ಹೊರಬಂದು ಎಡಕ್ಕೆ ತಿರುಗಿದರೆ ಸಿಗುವ ಇಪ್ಪತ್ತೆರಡು ಹಾಸಿಗೆಗಳ ವಾರ್ಡಿಗೆ ಹನ್ನೊಂದು ವರ್ಷಗಳಿಂದ ಅವಳೇ ಯಜಮಾನಿ. ಗಿಡ್ಡ ಆಳು, ಬಿರುಸು ನಡಿಗೆ, ಕೈಗೆ ಕಟ್ಟದೆ ಎದೆಯ ಜೇಬಿಗೆ ಸಿಕ್ಕಿಸಿಕೊಂಡ ಗಡಿಯಾರ. ಯಾವ ರೋಗಿಯ ಬಳಿ ಹೋದರೂ ಮೊದಲು ನೋಡುವುದು ರೋಗಿಯ ಮುಖ. ಮರುಗಳಿಗೆಯೇ ಕಣ್ಣು ಮೇಲೇರಿ ಸ್ಟ್ಯಾಂಡಿಗೆ ತೂಗುಹಾಕಿದ ಡ್ರಿಪ್ ಬಾಟಲಿಯ ಮೇಲೆ. ಆಮೇಲೆ ಗಡಿಯಾರ ಹಿಡಿದು, ತುಟಿ ಅಲ್ಲಾಡಿಸುತ್ತ ಹನಿ ಎಣಿಸುತ್ತಾಳೆ. ಆ ಒಂದು ನಿಮಿಷ ಆಸ್ಪತ್ರೆಯ ಮಾಲೀಕರೇ ಬಂದು ನಿಂತರೂ ಮಾತಾಡುವುದಿಲ್ಲ. ಹೀಗಾಗಿ ಕಸ ಗುಡಿಸುವವರಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಅವಳು ಹನಿಯಕ್ಕ.

ಹುಟ್ಟಿನಿಂದಲೇ ಇಷ್ಟು ಶ್ರದ್ಧೆ ಇತ್ತೆಂದೇನೂ ಅಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ನರ್ಸಿಂಗ್ ಶಾಲೆಗೆ ಸೇರಿದ್ದು ಅಕ್ಕ ಸೇರಿದ್ದಾಳೆಂಬ ಒಂದೇ ಕಾರಣಕ್ಕೆ. ಅಕ್ಕ ಎರಡೇ ತಿಂಗಳಿಗೆ ಬಿಟ್ಟು ಬ್ಯೂಟಿ ಪಾರ್ಲರ್ ತೆರೆದಳು, ಇವಳು ಉಳಿದುಕೊಂಡಳು. ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ದಪ್ಪ ಕನ್ನಡಕದ ಪರೀಕ್ಷಕರು ಕೇಳಿದರು: "ಕೆಂಪು ರಕ್ತಕಣವನ್ನ ಬರೀ ನೀರಿಗೆ ಹಾಕಿದ್ರೆ ಏನಾಗುತ್ತೆ?"

ಉಪ್ಪು ಕಡಿಮೆಯಿರುವ ಹೈಪೊ ಅಂದರೆ ಒಂದು, ಉಪ್ಪು ಹೆಚ್ಚಿರುವ ಹೈಪರ್ ಅಂದರೆ ಇನ್ನೊಂದು ಎಂದು ಹಿಂದಿನ ದಿನವೆಲ್ಲ ಉರು ಹೊಡೆದಿದ್ದಳು. ಯಾವುದು ಯಾವುದೆಂಬುದು ಮಾತ್ರ ಆ ಗಳಿಗೆಯಲ್ಲಿ ಕೈಕೊಟ್ಟಿತು.

"ಸುಕ್ಕುತ್ತೆ ಸರ್."

"ಹೌದಾ? ಗಟ್ಟಿ ಉಪ್ಪುನೀರಿಗೆ ಹಾಕಿದ್ರೆ?"

"ಊದುತ್ತೆ ಸರ್."

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. "ನೀವು ಡ್ರಿಪ್ ಹಾಕೋ ದಿನ ನನಗೆ ಮೊದಲೇ ತಿಳಿಸಿಬಿಡಿ. ಆ ದಿನ ಈ ಕಡೆ ಕಾಯಿಲೆ ಬೀಳಲ್ಲ."

ಹೊರಗೆ ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಹುಡುಗಿಯರಿಗೂ ಅದು ಕೇಳಿಸಿತು. ಇವಳ ಮುಖ ಹಿಡಿಯಷ್ಟಾಯಿತು.

ಅವಳನ್ನು ಲ್ಯಾಬಿಗೆ ಅಟ್ಟಿದವರು ಶಾಲೆಯ ಹೆಡ್ ಸಿಸ್ಟರ್. "ಪುಸ್ತಕ ಓದಿ ನಿನ್ನ ತಲೆಗೆ ಹತ್ತಲ್ಲ. ಹೋಗಿ ಕಣ್ಣಾರೆ ನೋಡ್ಕೊಂಡು ಬಾ" ಎಂದರು. ಲ್ಯಾಬಿನಲ್ಲಿ ಕೊಕ್ಕರೆಯಂತೆ ಉದ್ದಕ್ಕಿದ್ದ ಟೆಕ್ನಿಷಿಯನ್ ಒಬ್ಬ ಬೆನ್ನು ಬಗ್ಗಿಸಿ ಕೂತಿದ್ದ. ವಿಷಯ ಕೇಳಿ ನಗಲಿಲ್ಲ. ಅದೇ ದೊಡ್ಡ ಉಪಕಾರ ಎನಿಸಿತು ಅವಳಿಗೆ. ತನ್ನದೇ ಬೆರಳು ಚುಚ್ಚಿ ಮೂರು ಗಾಜಿನ ಪಟ್ಟಿಗಳ ಮೇಲೆ ರಕ್ತ ಸವರಿದ. ಮೊದಲನೆಯದಕ್ಕೆ ಸಾಧಾರಣ ಸಲೈನ್, ಅಂದರೆ ರಕ್ತದಷ್ಟೇ ಉಪ್ಪಿರುವ ನೀರು, ಬಿಟ್ಟ. ಮೈಕ್ರೊಸ್ಕೋಪಿನಲ್ಲಿ ಕಣಗಳು ನಡುವೆ ಗುಳಿ ಬಿದ್ದ ಗುಂಡಿಗಳಂತೆ ನೆಮ್ಮದಿಯಾಗಿ ಬಿದ್ದುಕೊಂಡಿದ್ದವು. ಎರಡನೆಯದಕ್ಕೆ ಬರೀ ನೀರು. ಅವಳು ನೋಡನೋಡುತ್ತಿದ್ದಂತೆ ಗುಂಡಿಗಳು ಚೆಂಡುಗಳಾದವು. ಆಮೇಲೆ ಒಂದೊಂದಾಗಿ ಮಾಯ.

"ಅಯ್ಯೋ, ಎಲ್ಲಿ ಹೋದ್ವು?"

"ನೀರು ಕುಡಿದು ಕುಡಿದು ಒಡೆದುಹೋದ್ವು."

ಮೂರನೆಯದಕ್ಕೆ ಗಟ್ಟಿ ಉಪ್ಪುನೀರು. ಕಣಗಳು ಮುದುಡಿ, ಮೈತುಂಬ ಮುಳ್ಳೆದ್ದು ನಿಂತವು.

"ಇಷ್ಟೇ ಕಥೆ" ಎಂದ ಟೆಕ್ನಿಷಿಯನ್. "ಕಣದ ಗೋಡೆ ಉಪ್ಪನ್ನ ಸುಲಭಕ್ಕೆ ದಾಟೋಕೆ ಬಿಡಲ್ಲ, ನೀರನ್ನ ಬಿಡುತ್ತೆ. ಉಪ್ಪು ಯಾವ ಕಡೆ ಜಾಸ್ತಿ ಇದ್ಯೋ ನೀರು ಆ ಕಡೆಗೇ ಓಡುತ್ತೆ. ಹೊರಗೆ ಉಪ್ಪು ಕಡಿಮೆಯಾದ್ರೆ ನೀರು ಒಳಗೆ ನುಗ್ಗಿ ಕಣ ಊದುತ್ತೆ. ಹೊರಗೆ ಜಾಸ್ತಿಯಾದ್ರೆ ಒಳಗಿನ ನೀರು ಹೊರಗೆ ಬಂದು ಕಣ ಸುಕ್ಕುತ್ತೆ. ಎರಡೂ ಕಡೆ ಸಮ ಇದ್ರೆ ಜಗಳವೇ ಇಲ್ಲ."

ಮರುವಾರ ಅವಳು ಇನ್ನೊಂದು ಅನುಮಾನ ಹಿಡಿದುಕೊಂಡು ಬಂದಳು. ಅದರ ಮರುವಾರ ಮತ್ತೊಂದು. ಮೂರು ತಿಂಗಳಿಗೆ ಅನುಮಾನಗಳೆಲ್ಲ ಮುಗಿದು, ಕೇಳಿದ್ದನ್ನೇ ಕೇಳತೊಡಗಿದಳು. ಟೆಕ್ನಿಷಿಯನ್ನೂ ಹೇಳಿದ್ದನ್ನೇ ಹೊಸದೆಂಬಂತೆ ಹೇಳತೊಡಗಿದ. ಮರುಪರೀಕ್ಷೆಯಲ್ಲಿ ಅವಳಿಗೆ ತರಗತಿಗೇ ಹೆಚ್ಚು ಅಂಕ ಬಂದವು. ಎರಡು ವರ್ಷಕ್ಕೆ ಮದುವೆಯೂ ಆಯಿತು. ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು: ಅವನಿಗೆ ನೆಲಮಹಡಿಯ ಲ್ಯಾಬು, ಅವಳಿಗೆ ಮೇಲಿನ ವಾರ್ಡು.

ಆಮೇಲಿನ ವರ್ಷಗಳಲ್ಲಿ ಅವಳು ಡ್ರಿಪ್ ಬಾಟಲಿಗಳ ಸ್ವಭಾವವನ್ನು ಸ್ವಂತ ನೆಂಟರ ಸ್ವಭಾವಕ್ಕಿಂತ ಚೆನ್ನಾಗಿ ಅರಿತಳು. ಒಮ್ಮೆ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದ ಪೇಂಟರನ್ನು ತಂದಿದ್ದರು. ಹೊಸ ಡಾಕ್ಟರ್ ಚೀಟಿಯಲ್ಲಿ ಐದು ಪರ್ಸೆಂಟಿನ ಸಕ್ಕರೆ ನೀರು ಬರೆದಿದ್ದ. ಅವಳು ಬಾಟಲಿ ಏರಿಸದೆ ಚೀಟಿ ಹಿಡಿದು ಅವನ ಬಳಿ ಹೋದಳು.

"ಡಾಕ್ಟ್ರೇ, ಇದು ಬಾಟಲಿಯಲ್ಲಿರೋವಾಗ ಮಾತ್ರ ರಕ್ತಕ್ಕೆ ಸಮ. ಸಕ್ಕರೆಯನ್ನ ಮೈ ಉರಿಸಿಕೊಂಡ ಮೇಲೆ ಉಳಿಯೋದು ಬರೀ ನೀರು. ಊದಿಕೊಂಡಿರೋ ಮಿದುಳಿಗೆ ಇನ್ನಷ್ಟು ನೀರು ಕುಡಿಸೋದು ಬೇಡ ಅಲ್ವಾ?"

ಹುಡುಗನ ಕಿವಿ ಕೆಂಪಾಯಿತು, ಆದರೆ ಬುದ್ಧಿವಂತ. ಅದನ್ನು ಹೊಡೆದುಹಾಕಿ ಸಾಧಾರಣ ಸಲೈನ್ ಎಂದು ತಿದ್ದಿದ. ಪೇಂಟರ್ ಗುಣವಾಗಿ ಮನೆಗೆ ಹೋದ. ಹೀಗೆ ಹನಿಯಕ್ಕನ ಹೆಸರು ಮಹಡಿಯಿಂದ ಮಹಡಿಗೆ ಹರಡಿತು. ಇಷ್ಟೆಲ್ಲ ತಿಳಿದವಳ ಸ್ವಂತ ಮನೆಯಲ್ಲೇ ಆದದ್ದನ್ನು ಈಗ ಹೇಳಬೇಕು.

ಮನೆಯಲ್ಲಿ ಅವಳ ಅತ್ತೆ ಇದ್ದರು. ಎಪ್ಪತ್ತನಾಲ್ಕರ ವಯಸ್ಸು, ಗಂಟೆ ಬಾರಿಸಿದಂಥ ಕಂಠ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಸುಮ್ಮನೆ "ಬಾಗಿಲು ಹಾಕಮ್ಮ" ಎಂದರೂ ದೂರದ ಊರಿನ ಲೈನು ಸೇರಿಸಿಕೊಟ್ಟಂತೆ ಕೇಳುತ್ತಿತ್ತು. ರಕ್ತದೊತ್ತಡಕ್ಕೆಂದು, ಮೂತ್ರದಲ್ಲಿ ಉಪ್ಪು ಹೊರಹಾಕಿಸುವ ಒಂದು ಮಾತ್ರೆ ನುಂಗುತ್ತಿದ್ದರು. ಆ ವರ್ಷ ಯಾವುದೋ ಪತ್ರಿಕೆಯ ಆರೋಗ್ಯದ ಪುಟ ಅವರ ತಲೆ ಹೊಕ್ಕಿತು. ಉಪ್ಪು ವಿಷ, ನೀರು ಅಮೃತ ಎಂದು ಅದರಲ್ಲಿ ಬರೆದಿತ್ತಂತೆ. ಅಂದಿನಿಂದ ತಮ್ಮ ತಟ್ಟೆಗೆ ಉಪ್ಪು ಸೋಕಿಸಲಿಲ್ಲ. ದೊಡ್ಡ ಬಾಟಲಿಯೊಂದಕ್ಕೆ ಪೆನ್ನಿನಲ್ಲಿ ಗೆರೆ ಎಳೆದು, ಗಂಟೆಗೊಂದು ಗೆರೆಯಂತೆ ದಿನಕ್ಕೆ ಐದು ಲೀಟರ್ ಕುಡಿಯತೊಡಗಿದರು.

"ಅತ್ತೆ, ಅಷ್ಟೊಂದು ಬೇಡ" ಎಂದು ಹನಿಯಕ್ಕ ಒಂದೆರಡು ಸಲ ಹೇಳಿದಳು.

"ನಿನ್ನ ಆಸ್ಪತ್ರೇಲಿ ರಕ್ತಕ್ಕೇ ನೀರು ಬಿಡ್ತೀರ. ನಾನು ಬಾಯಲ್ಲಿ ಕುಡಿದ್ರೆ ತಪ್ಪಾ?" ಎಂದು ಅತ್ತೆ ಬಾಯಿ ಮುಚ್ಚಿಸಿದರು. ಅವಳೂ ನಕ್ಕು ಸುಮ್ಮನಾದಳು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಅತ್ತೆಯ ಚುರುಕು ಕುಂದಿತು. ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು. ಮಗನನ್ನು ತಮ್ಮ ಅಣ್ಣನ ಹೆಸರಿನಿಂದ ಕರೆದರು. ನಡೆಯುವಾಗ ಗೋಡೆ ಹಿಡಿಯತೊಡಗಿದರು. "ವಯಸ್ಸಾಯ್ತು ಕಣ್ರೀ" ಎಂದು ಹನಿಯಕ್ಕ ಗಂಡನಿಗೆ ಹೇಳಿದಳು. ಗಂಡ ಹೂಂ ಎಂದ.

ಒಂದು ಸೋಮವಾರ ಬೆಳಿಗ್ಗೆ ಅತ್ತೆ ಎರಡು ಸಲ ವಾಂತಿ ಮಾಡಿ ಮಂಕಾಗಿ ಕುಳಿತುಬಿಟ್ಟರು. ಗಂಡ ಹೆಂಡತಿ ಇಬ್ಬರೂ ಸೇರಿ ಆಸ್ಪತ್ರೆಗೆ ಕರೆತಂದರು. ವಾರ್ಡಿನ ಹಾಸಿಗೆಗೆ ಮಲಗಿಸುತ್ತಿದ್ದಂತೆಯೇ ಕೈಕಾಲು ಸೆಟೆದು ಫಿಟ್ಸ್ ಬಂತು. ರಕ್ತದ ಸೀಸೆ ಹಿಡಿದು ಕೆಳಗೆ ಓಡಿದ ಗಂಡ, ಫೋನ್ ಮಾಡುವ ಬದಲು ತಾನೇ ಮೆಟ್ಟಿಲು ಹತ್ತಿ ಬಂದ. ಚೀಟಿಯನ್ನು ಅವಳ ಮುಂದೆ ಹಿಡಿದ.

"ಸೋಡಿಯಂ ನೂರ ಹತ್ತು. ಮೂರು ಸಲ ನೋಡಿದೆ. ನೂರ ಹತ್ತೇ."

ರಕ್ತದ ಆ ಉಪ್ಪಿನಂಶ ನೂರ ಮೂವತ್ತೈದಾದರೂ ಇರಬೇಕಾದ್ದು. ವಯಸ್ಸಲ್ಲ, ಮರೆವಲ್ಲ, ರಕ್ತದಲ್ಲಿ ಉಪ್ಪು ಇಳಿದು ಮಿದುಳಿನ ಕಣಗಳು ನೀರು ಹೀರಿಕೊಂಡು ಊದಿದ್ದವು. ಎರಡು ತಿಂಗಳಿಂದ ಅವಳ ಕಣ್ಣೆದುರಿಗೇ.

ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವಳು, ಆದರೆ ಗಾಬರಿ ಬೀಳುವವಳಲ್ಲ. ಮೂರು ಪರ್ಸೆಂಟಿನ ಗಟ್ಟಿ ಸಲೈನನ್ನು ನೂರು ಎಂಎಲ್ ಬೇಗ ಹಾಕಿಸಿದಳು. ಫಿಟ್ಸ್ ನಿಂತಿತು. ಎರಡು ಗಂಟೆಯಲ್ಲಿ ಸೋಡಿಯಂ ನೂರ ಹದಿಮೂರಕ್ಕೆ ಬಂತು, ಅತ್ತೆ ಕಣ್ಣು ಬಿಟ್ಟರು.

"ಇನ್ನು ಅವಸರ ಬೇಡ ಸಿಸ್ಟರ್" ಎಂದಳು ಡಾಕ್ಟರ್. "ಅದೇ ಸಲೈನ್, ಗಂಟೆಗೆ ಹದಿನೈದು ಎಂಎಲ್. ನಾಳೆ ಬೆಳಿಗ್ಗೆವರೆಗೆ ಸೋಡಿಯಂ ಒಟ್ಟು ಎಂಟಕ್ಕಿಂತ ಮೇಲೆ ಏರಬಾರದು."

ಲೆಕ್ಕ ತಪ್ಪದೆ ಡ್ರಿಪ್ ಹರಿಸುವ, ವಾರ್ಡಿನ ಎರಡು ಪಂಪುಗಳೂ ಬೇರೆ ರೋಗಿಗಳಿಗೆ ಸಿಕ್ಕಿಕೊಂಡಿದ್ದವು. ಸಣ್ಣ ಹನಿಯ ಕೊಳವೆ ಜೋಡಿಸಿ, ನಿಮಿಷಕ್ಕೆ ಹದಿನೈದು ಹನಿ ಬೀಳುವಂತೆ ಹನಿಯಕ್ಕ ಕೊಳವೆಯ ಮೇಲಿನ ವೇಗದ ಚಕ್ರ ತಿರುಗಿಸಿ ಇಟ್ಟಳು. ಕಿರಿಯ ನರ್ಸ್ ಒಬ್ಬಳಿಗೆ ಕಣ್ಣಿಡಲು ಹೇಳಿದಳು.

ಊಟದ ಹೊತ್ತು ದಾಟಿದ ಮೇಲೆ ನಾದಿನಿ ಬಂದಳು. ಕೊರಿಯರ್ ಕಚೇರಿಯ ಮೇಲ್ವಿಚಾರಕಿ. ಮಧ್ಯಾಹ್ನದೊಳಗೆ ತಲುಪಬೇಕಾದದ್ದು ಹನ್ನೊಂದಕ್ಕೇ ತಲುಪಿಸಿ ಹೆಸರು ಮಾಡಿದವಳು. ತಡ ಎಂಬ ಮಾತು ಕೇಳಿದರೇ ಮೈಮೇಲೆ ಬರುತ್ತಿತ್ತು. ತಾಯಿಯ ಪಕ್ಕ ಕೂತು ಒಂದರ್ಧ ಗಂಟೆ ಹನಿ ಬೀಳುವುದನ್ನೇ ನೋಡಿದಳು.

"ಅತ್ತಿಗೆ, ಇದೇನಿದು? ಕೆಟ್ಟ ನಲ್ಲಿ ಥರ ತೊಟ್ಟಿಕ್ಕುತ್ತಿದೆ! ಮೈಯಲ್ಲಿ ಉಪ್ಪಿಲ್ಲ ಅಂದ್ರಿ, ಉಪ್ಪು ಬಾಟಲಿ ತುಂಬ ಇದೆ. ಬೇಗ ಕೊಟ್ಟುಬಿಟ್ರೆ ಆಯ್ತಲ್ಲ?"

"ಹಾಗೆ ಕೊಡೋ ಹಾಗಿಲ್ಲಮ್ಮ. ನಿಧಾನವಾಗೇ ಏರಬೇಕು."

"ಅಮ್ಮ ನನ್ನ ಗುರುತೇ ಹಿಡೀತಿಲ್ಲ. ನೀವು ನಿಧಾನ ಅಂತೀರ!"

"ಆಮೇಲೆ ಕೂತು ಹೇಳ್ತೀನಿ. ಆರನೇ ಬೆಡ್‌ನವರಿಗೆ ಜ್ವರ ಏರಿದೆ" ಎಂದು ಹನಿಯಕ್ಕ ಹೊರಟಳು. ಕಿರಿಯ ನರ್ಸನ್ನೂ ಯಾರೋ ಸ್ಟ್ರೆಚರ್ ಹಿಡಿಯಲು ಕರೆದರು.

ಅವಳು ತಿರುಗಿ ಬರುವಾಗ ಮುಕ್ಕಾಲು ಗಂಟೆ ದಾಟಿತ್ತು. ಬಾಗಿಲಲ್ಲೇ ಕಾಲು ನಿಂತಿತು. ಕೊಳವೆಯಲ್ಲಿ ಹನಿ ಬೀಳುತ್ತಿರಲಿಲ್ಲ, ಧಾರೆ ಸುರಿಯುತ್ತಿತ್ತು. ಬಾಟಲಿಯಲ್ಲಿ ಇನ್ನೂರು ಎಂಎಲ್‌ನಷ್ಟು ಖಾಲಿ. ಓಡಿಬಂದು ಚಕ್ರ ಮುಚ್ಚಿದಳು. ಡಾಕ್ಟರನ್ನು ಕರೆಸಿದಳು. ಹಾಸಿಗೆಯ ಪಕ್ಕದ ಮೂತ್ರದ ಚೀಲವೂ ಬಾಯಿಮಟ ತುಂಬಿತ್ತು. ಮೈ ಕೂಡಿಟ್ಟ ನೀರನ್ನು ಒಂದೇ ಸಮ ಹೊರಹಾಕುತ್ತಿತ್ತು. ಅದರಿಂದಲೂ ಸೋಡಿಯಂ ಏರುತ್ತದೆ.

"ಯಾರು ನೋಡ್ಕೋತಿದ್ದಿದ್ದು?" ಎಂದಳು ಡಾಕ್ಟರ್. ಕಿರಿಯ ನರ್ಸಿನ ಕಣ್ಣಲ್ಲಿ ಆಗಲೇ ನೀರು.

"ವಾರ್ಡು ನನ್ನದು. ನನ್ನ ತಪ್ಪು ಅಂತ ಬರ್ಕೊಳ್ಳಿ" ಎಂದಳು ಹನಿಯಕ್ಕ.

ನಾದಿನಿ ಕುರ್ಚಿಯಿಂದ ಎದ್ದಳು. "ನಾನು ತಿರುಗಿಸಿದ್ದು. ಆ ಚಿಕ್ಕ ಚಕ್ರ... ಅಮ್ಮಂಗೆ ಬೇಗ ವಾಸಿಯಾಗ್ಲಿ ಅಂತ."

ಡಾಕ್ಟರ್ ರಕ್ತ ತೆಗೆದು ಕೆಳಗೆ ಕಳಿಸಿದಳು. ಈ ಸಲವೂ ಗಂಡನೇ ಚೀಟಿ ತಂದ: ನೂರ ಇಪ್ಪತ್ತೆರಡು. ಇಡೀ ದಿನಕ್ಕೆ ಎಂಟು ಏರಬೇಕಾದದ್ದು ಏಳು ಗಂಟೆಯೊಳಗೆ ಹನ್ನೆರಡು ಏರಿತ್ತು.

"ಏರಿದ್ರೆ ಒಳ್ಳೇದಲ್ವಾ?" ಎಂದಳು ನಾದಿನಿ, ಯಾರ ಮುಖವನ್ನೂ ನೋಡದೆ.

ಹನಿಯಕ್ಕ ಅವಳನ್ನು ಕಿಟಕಿಯ ಬಳಿ ಕರೆದೊಯ್ದು ಕೂರಿಸಿದಳು. ಬೈಯಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಹೇಳಿದಳು: "ನೋಡಮ್ಮ, ಎರಡು ತಿಂಗಳಿಂದ ಅಮ್ಮನ ಮೈಯಲ್ಲಿ ಉಪ್ಪು ಮೆಲ್ಲಗೆ ಇಳೀತಾ ಬಂತು. ಮಿದುಳಿನ ಕಣಗಳು ಊದಿ ಒಡೆದುಹೋಗದೆ ಇರೋಕೆ ತಮ್ಮೊಳಗಿನ ಉಪ್ಪು, ಇನ್ನಿತರ ಸಾಮಾನು ಒಂದಿಷ್ಟು ಹೊರಗೆ ಹಾಕಿ ಹೊಂದಿಕೊಂಡಿವೆ. ಈಗ ಹೊರಗೆ ಇದ್ದಕ್ಕಿದ್ದಂತೆ ಉಪ್ಪು ಏರಿದ್ರೆ ಒಳಗಿನ ನೀರು ಹೊರಗೆ ಓಡಿ ಅವು ಸುಕ್ಕುತ್ತವೆ. ಕಳಕೊಂಡಿದ್ದನ್ನ ಮತ್ತೆ ಕೂಡಿಸಿಕೊಳ್ಳೋಕೆ ಅವಕ್ಕೆ ದಿನಗಳು ಬೇಕು. ಅಷ್ಟು ಸಮಯ ಕೊಡದಿದ್ರೆ ಮಾತು, ನುಂಗೋದು, ಕೈಕಾಲು, ಏನು ಬೇಕಾದ್ರೂ ಹೋಗಬಹುದು. ಇವತ್ತೇ ಗೊತ್ತಾಗಲ್ಲ. ನಾಲ್ಕೈದು ದಿನ ಬಿಟ್ಟು ಗೊತ್ತಾಗುತ್ತೆ."

ನಾದಿನಿ ಮುಖ ಮುಚ್ಚಿಕೊಂಡಳು. "ಅಮ್ಮನ ಮಾತು ಹೋಗುತ್ತಾ? ಅಮ್ಮನ ಮಾತಾ?"

"ಹೋಗದ ಹಾಗೆ ನೋಡೋಣ. ಮತ್ತೆ, ಒಂದು ಮಾತು. ನೀನು ಚಕ್ರ ತಿರುಗಿಸಿದ್ದು ಇವತ್ತು ಒಂದು ಗಂಟೆ. ನಾನು ಇದೇ ಕೆಲಸ ಬಲ್ಲವಳು, ಎರಡು ತಿಂಗಳು ಮನೇಲಿ ಕಣ್ಣು ಮುಚ್ಚಿಕೊಂಡಿದ್ದೆ. ನಿಂಗೆ ಮೊದಲೇ ಕೂತು ಹೇಳಬೇಕಿತ್ತು. ಅದನ್ನೂ ಮಾಡಲಿಲ್ಲ."

ಅಷ್ಟರಲ್ಲಿ ಡಾಕ್ಟರ್ ತನ್ನ ಹಿರಿಯ ಡಾಕ್ಟರಿಗೆ ಫೋನ್ ಮಾಡಿ ಬಂದಳು. ಮೂತ್ರ ಸುರಿಯುವುದನ್ನು ತಡೆಯಲು ಒಂದು ಇಂಜೆಕ್ಷನ್. ಏರಿದ್ದನ್ನು ಸ್ವಲ್ಪ ಇಳಿಸಲು ಅದೇ ಐದು ಪರ್ಸೆಂಟಿನ ಸಕ್ಕರೆ ನೀರು. ಪೇಂಟರನಿಗೆ ಬೇಡವೆಂದು ಹಟ ಹಿಡಿದಿದ್ದ ಬಾಟಲಿಯನ್ನು ಹನಿಯಕ್ಕ ಈಗ ತಾನೇ ಸ್ಟ್ಯಾಂಡಿಗೆ ಏರಿಸಿದಳು. ನಾದಿನಿಗೆ ಅರ್ಥವಾಗಲಿಲ್ಲ.

"ಬೆಳಿಗ್ಗೆ ಫೋನಲ್ಲಿ ನೀರು ಜಾಸ್ತಿಯಾಯ್ತು ಅಂದ್ರಿ. ಈಗ ನೀರೇ ಕೊಡ್ತೀರಾ?"

"ಬೆಳಿಗ್ಗೆ ಉಪ್ಪು ಬೇಕಿತ್ತು, ಈಗ ಒಂಚೂರು ನೀರು ಬೇಕು. ಬಾಟಲಿಯಲ್ಲಿ ಒಳ್ಳೇದು ಕೆಟ್ಟದ್ದು ಅಂತಿಲ್ಲ. ಯಾರಿಗೆ, ಯಾವಾಗ, ಎಷ್ಟು ಅನ್ನೋದರಲ್ಲಿ ಇದೆ."

ಆ ಸಂಜೆ ಪಂಪೊಂದು ಬಿಡುವಾಯಿತು. ಹನಿಯಕ್ಕ ಅದನ್ನು ತಂದು ಜೋಡಿಸಿ ಬೀಗದ ಗುಂಡಿ ಒತ್ತಿದಳು. ಗಂಡ ಆರಾರು ಗಂಟೆಗೊಮ್ಮೆ ರಕ್ತ ನೋಡಿದ. ಮರುದಿನ ಬೆಳಿಗ್ಗೆ ನೂರ ಹದಿನೇಳಕ್ಕೆ ಬಂದು ನಿಂತಿತು. ಅಲ್ಲಿಂದ ಮುಂದೆ ದಿನಕ್ಕೆ ನಾಲ್ಕು, ಐದು. ರಕ್ತದೊತ್ತಡದ ಮಾತ್ರೆ ಬದಲಾಯಿತು, ನೀರಿಗೆ ಲೆಕ್ಕ ಬಂತು.

ಆ ದಿನಗಳಲ್ಲಿ ನಾದಿನಿ ಕಚೇರಿಗೆ ರಜೆ ಹಾಕಿ ತಾಯಿಯ ಪಕ್ಕವೇ ಕೂತಳು. ಕೈ ಎರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದಳು, ಯಾವುದನ್ನೂ ಮುಟ್ಟಿಬಿಡಬಾರದೆಂದು. ಹನಿಯಕ್ಕ ದಿನಕ್ಕೆ ನಾಲ್ಕು ಸಲ ಅತ್ತೆಗೆ ಒಂದು ಚಮಚ ನೀರು ಕುಡಿಸಿ ನುಂಗುವುದನ್ನು ನೋಡುವಳು, ಬೆರಳು ಹಿಡಿಸುವಳು, ಹೆಸರು ಕೇಳುವಳು. ಮೂರನೆಯ ದಿನ ಅತ್ತೆ ಹೆಚ್ಚು ಮಾತಾಡಲಿಲ್ಲ. ನಾಲ್ಕನೆಯ ದಿನ ಪೂರ್ತಿ ಮಲಗಿಯೇ ಇದ್ದರು. ನಿದ್ದೆಯೋ, ಇನ್ನೇನೋ? ಗಂಡ ಲ್ಯಾಬಿನಿಂದ ಬಂದು ಬಾಗಿಲಲ್ಲಿ ನಿಂತು, ಹೆಂಡತಿಯ ಮುಖ ನೋಡಿ ಹಿಂದಿರುಗುತ್ತಿದ್ದ.

ಐದನೆಯ ದಿನ ಬೆಳಿಗ್ಗೆ ತಿಂಡಿಯ ಗಾಡಿ ಬಂತು. ಹನಿಯಕ್ಕ ಮೊಟ್ಟೆ ಸುಲಿದು ತಟ್ಟೆಯಲ್ಲಿಟ್ಟು, ಚಿಟಿಕೆ ಉಪ್ಪು ಉದುರಿಸಿ, ಒಂದು ತುಣುಕು ಅತ್ತೆಯ ಬಾಯಿಗಿಟ್ಟಳು. ಅತ್ತೆ ಅಗಿದರು. ನುಂಗಿದರು. ಕಣ್ಣು ಕಿರಿದು ಮಾಡಿ ಸೊಸೆಯನ್ನು ದಿಟ್ಟಿಸಿದರು.

"ಇಷ್ಟು ದಿನ ನನ್ನನ್ನ ಯಾರು ಈ ಮೂಲೆ ಬೆಡ್ಡಿಗೆ ಹಾಕಿದ್ದು? ಕಿಟಕಿ ಪಕ್ಕ ಖಾಲಿ ಇದ್ಯಲ್ಲ! ಸ್ವಂತ ಸೊಸೆ ವಾರ್ಡಿನ ಇನ್‌ಚಾರ್ಜು, ಹೆಸರಿಗೆ ಮಾತ್ರ."

ಗಂಟೆ ಬಾರಿಸಿದ ಹಾಗೆ ಆ ಕಂಠ ವಾರ್ಡಿನ ಈ ತುದಿಯಿಂದ ಆ ತುದಿಗೆ ಹೋಯಿತು. ಹನ್ನೆರಡನೆಯ ಹಾಸಿಗೆಯ ಅಜ್ಜ ಬೆಚ್ಚಿ ಎದ್ದು ಕೂತ. ನಾದಿನಿ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು. ಹನಿಯಕ್ಕ ತಟ್ಟೆ ಕೆಳಗಿಟ್ಟು ಕಪಾಟಿನ ಹಿಂದೆ ಹೋಗಿ ನಿಂತಳು. ಎರಡು ನಿಮಿಷ ಬಿಟ್ಟು ಮುಖ ತೊಳೆದುಕೊಂಡು ಬಂದು, ಅತ್ತೆಯ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ತಳ್ಳಿಸಿದಳು.

ಹತ್ತನೆಯ ದಿನ ಅತ್ತೆ ತಾವೇ ನಡೆದು ಮನೆಗೆ ಹೋದರು. ಮಗನನ್ನು ಮಗನ ಹೆಸರಿನಿಂದಲೇ ಕರೆದರು. ಆಗಬಾರದ್ದು ಏನೂ ಆಗಲಿಲ್ಲ; ಎಚ್ಚರಿಕೆ ಎಷ್ಟೋ ಅದೃಷ್ಟವೂ ಅಷ್ಟೇ ಇತ್ತೆಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದಳು.

ಅದಾದ ಮೇಲೆ ಹನಿಯಕ್ಕ ವಾರ್ಡಿನಲ್ಲಿ ಹೊಸ ಕ್ರಮ ಶುರುಮಾಡಿದಳು. ರೋಗಿಯ ಜೊತೆಗೆ ಬಂದವರನ್ನೆಲ್ಲ ಬೆಳಿಗ್ಗೆ ಹನ್ನೊಂದಕ್ಕೆ ಕಾರಿಡಾರಿನ ಬೆಂಚಿನಲ್ಲಿ ಕೂರಿಸಿ ಹದಿನೈದು ನಿಮಿಷ ಮಾತಾಡುತ್ತಾಳೆ. ಬಾಟಲಿಯಲ್ಲಿ ಏನಿದೆ, ಯಾಕೆ ನಿಧಾನ, ಯಾಕೆ ಮುಟ್ಟಬಾರದು, ಏನು ಕಂಡರೆ ಕೂಗಬೇಕು. ಮೊದಮೊದಲು ಯಾರೂ ಕಿವಿಗೊಡುತ್ತಿರಲಿಲ್ಲ. ಆಮೇಲೆ ನಾದಿನಿ ಶನಿವಾರಗಳಂದು ಬರತೊಡಗಿದಳು. ಎದ್ದು ನಿಂತು "ನಾನೇ ಆ ಚಕ್ರ ತಿರುಗಿಸಿದವಳು" ಎಂದು ಆದದ್ದನ್ನೆಲ್ಲ ಹೇಳಿಬಿಡುತ್ತಾಳೆ. ಹಾಗೆ ಶುರುವಾದರೆ ಬೆಂಚಿನಲ್ಲಿ ಗುಸುಗುಸು ನಿಲ್ಲುತ್ತದೆ.

ಅತ್ತೆಯೂ ಒಮ್ಮೊಮ್ಮೆ ಜೊತೆಗೆ ಬರುವುದುಂಟು. ಮೊದಲ ಸಾಲಿನಲ್ಲೇ ಕೂತು, ಮಗಳು ಯಾವುದಾದರೂ ಅಂಕಿ ತಪ್ಪಿ ಹೇಳಿದರೆ ತಿದ್ದುತ್ತಾರೆ. ಹೋದ ಶನಿವಾರ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಕೇಳಿದಳಂತೆ, "ಅಮ್ಮ, ಹಾಗಾದ್ರೆ ದಿನಕ್ಕೆ ಎಷ್ಟು ನೀರು ಕುಡೀಬೇಕು?"

"ಬಾಯಾರಿದಾಗ ಕುಡಿಯಮ್ಮ" ಎಂದರಂತೆ ಅತ್ತೆ. "ಪತ್ರಿಕೆ ಹೇಳಿದಾಗಲ್ಲ."